ಅಳತೆ ಹೇಳುವ ಸಖಿ

ಇನ್ನು ಮೇಲೆ ಅಳತೆಗೆ ಟೇಪು ಬೇಡ ಎಂದು ಗಂಡ ಹೇಳಿದಾಗ ವನಜಾಕ್ಷಿಯ ಬಾಯಲ್ಲಿ ಗುಂಡುಸೂಜಿಗಳಿದ್ದವು. ಆದ್ದರಿಂದ ಅವಳು ಏನೂ ಹೇಳಲಿಲ್ಲ. ಚಿದಾನಂದಮೂರ್ತಿ ಅದನ್ನು ಒಪ್ಪಿಗೆ ಎಂದು ತಿಳಿದು, ತಾನು ತಂದಿದ್ದ ಡಬ್ಬಿಯನ್ನು ಕಟಿಂಗ್ ಮೇಜಿನ ಮೇಲಿನ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿಯೇಬಿಟ್ಟ.

ತಿಪಟೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ವನಜಾಕ್ಷಿಯದು ರವಿಕೆ ಹೊಲಿಯುವ ಅಂಗಡಿ. ಹೊಲಿಗೆ ಚೆನ್ನಾಗಿತ್ತು, ನಿಜ. ಆದರೆ ಹೆಂಗಸರು ಅಲ್ಲಿಗೆ ಬರುತ್ತಿದ್ದದ್ದು ಅದೊಂದಕ್ಕೇ ಅಲ್ಲ. ಅಳತೆ ಕೊಡುವಾಗ ಪರದೆಯ ಹಿಂದೆ ಆಡಿದ ಮಾತು ಪರದೆಯ ಹಿಂದೆಯೇ ಉಳಿಯುತ್ತಿತ್ತು. ಯಾರು ಬಸುರಿ, ಯಾರು ಚಿಂತೆಯಲ್ಲಿ ಸೊರಗಿದ್ದಾರೆ, ಯಾರ ತೋಳಿನ ಮೇಲೆ ಬಾಸುಂಡೆ ಇದೆ ಎಂಬುದೆಲ್ಲ ವನಜಾಕ್ಷಿಗೆ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ.

ಅವಳ ಗಂಡ ಐ.ಟಿ.ಐ.ಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು. ನಿವೃತ್ತಿಯ ಮೊದಲ ವರ್ಷ ದೋಸೆ ಹುಯ್ಯುವ ಯಂತ್ರ ಮಾಡಿದ್ದ. ಅದು ಕಾವಲಿಯನ್ನು ಬಿಟ್ಟು ಗೋಡೆಯ ಮೇಲೆ ದೋಸೆ ಹುಯ್ದಿತ್ತು. ಎರಡು ಸಲ ಸುಣ್ಣ ಬಳಿದರೂ ಆ ಗುಂಡನೆಯ ಕಲೆ ಹೋಗಿರಲಿಲ್ಲ.

"ಇದರ ಹೆಸರು ಸಖಿ," ಎಂದ ಚಿದಾನಂದಮೂರ್ತಿ. "ನಿನ್ನ ಅಂಗಡಿಗೆ ವೆಬ್‌ಸೈಟ್ ಮಾಡಿದೀನಲ್ಲ, ಅದಕ್ಕೂ ಇದೇ ತಲೆ. ಹೆಂಗಸರು ಮನೇಲೇ ಫೋನ್ ಮುಂದೆ ಒಂದ್ಸಲ ತಿರುಗಿದ್ರೆ ಸಾಕು, ಅಳತೆ ಇಲ್ಲಿಗೆ ಬಂದ್ಬಿಡುತ್ತೆ. ಯಾವ ಡಿಸೈನ್ ನೋಡಿದ್ರು, ಎಷ್ಟೊತ್ತು ನೋಡಿದ್ರು, ಎಲ್ಲಾ ನೆನಪಿಟ್ಕೊಳುತ್ತೆ."

ಗುಂಡುಸೂಜಿ ತೆಗೆದು ವನಜಾಕ್ಷಿ ಕೇಳಿದಳು: "ನೆನಪಿಟ್ಕೊಂಡು ಏನ್ ಮಾಡುತ್ತೆ?"

ಅಷ್ಟರಲ್ಲಿ ಡಬ್ಬಿಯ ಕಣ್ಣು ಹಸಿರಾಯಿತು. "ನಮಸ್ಕಾರ, ವನಜಾಕ್ಷಿಯವರೇ. ಯುಗಾದಿಯ ಫೋಟೋಗಿಂತ ತಮ್ಮ ಸೊಂಟ ಎರಡು ಇಂಚು ಹೆಚ್ಚಾಗಿದೆ," ಎಂದು ಅದು ಸಭೆಯಲ್ಲಿ ಸ್ವಾಗತ ಭಾಷಣ ಮಾಡುವವರ ಗತ್ತಿನಲ್ಲಿ ಹೇಳಿತು. ಎದುರಿನ ಟೀ ಅಂಗಡಿಯಲ್ಲಿ ಲೋಟ ಎತ್ತಿದವರೆಲ್ಲ ಹಾಗೇ ನಿಂತರು.

"ಸೌಂಡು ಜಾಸ್ತಿ ಆಯ್ತು, ಅಷ್ಟೇ," ಎಂದು ಮೂರ್ತಿ ತಿರುಪು ಹುಡುಕಿದ.

"ರೀ, ಇದು ಹೆಂಗಸರ ವಿಷಯ. ಹೊರಗೆ ಹೋದ್ರೆ ನಾನು ಬೀದಿಲಿ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ."

"ಹೊರಗೆ ಹೇಗೆ ಹೋಗುತ್ತೆ? ನಿಮ್ಮ ಮಾಹಿತಿ ನಮ್ಮಲ್ಲಿ ಭದ್ರ ಅಂತ ವೆಬ್‌ಸೈಟ್ ಕೆಳಗೆ ಉದ್ದಕ್ಕೆ ಬರ್ದಿದೀನಿ ನೋಡು. ಬರ್ದಿರೋದನ್ನ ಸಖಿ ಒಂದಕ್ಷರ ಬಿಡದೆ ಪಾಲಿಸುತ್ತೆ."

"ನೀವೇ ಬರೆದ್ರಾ?"

"ಯಾವುದೋ ದೊಡ್ಡ ಅಂಗಡಿಯದನ್ನ ನೋಡ್ಕೊಂಡು ಇಳಿಸ್ದೆ. ಅದನ್ನೆಲ್ಲ ಯಾರು ಓದ್ತಾರೆ?"

ಓದಿದ್ದು ಸಖಿ ಮಾತ್ರ. ಆ ಬರಹದ ನಡುವೆ ಎಲ್ಲೋ, 'ನಿಮಗೆ ಇನ್ನಷ್ಟು ಉತ್ತಮ ಸೇವೆ ಒದಗಿಸಲು ನಿಮ್ಮ ಮಾಹಿತಿಯನ್ನು ನಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳುತ್ತೇವೆ' ಎಂಬ ಸಾಲಿತ್ತು. ಪಾಲುದಾರರು ಯಾರೆಂದು ಬರೆದಿರಲಿಲ್ಲ. ಪಾಪ, ಸಖಿ ಯೋಚನೆ ಮಾಡಿ ವನಜಾಕ್ಷಿಯ ಫೋನಿನಲ್ಲಿ ಹೆಸರಿದ್ದವರೆಲ್ಲ ಪಾಲುದಾರರು ಎಂದು ತೀರ್ಮಾನಿಸಿತು. ಬೇಕರಿ, ಹಿಟ್ಟಿನ ಗಿರಣಿ, ಹೂವಿನವನು, ಗ್ಯಾಸಿನವನು, ಅರಸೀಕೆರೆಯ ನಾದಿನಿ, ಎಲ್ಲರೂ. ಎಲ್ಲರ ಫೋನಿಗೂ ಗಿರಾಕಿಗಳ ವಿವರ ಹೋಗತೊಡಗಿತು.

ಮೊದಲ ಪೆಟ್ಟು ತಿಂದವರು ಹಿಂದಿನ ಬೀದಿಯ ಅನಸೂಯಮ್ಮ. ಅವರು ಬೆಣ್ಣೆ ಬಿಸ್ಕತ್ತು ಕೇಳಿದರೆ ಬೇಕರಿಯವನು ರಸ್ಕು ಕಟ್ಟಿಕೊಟ್ಟನಂತೆ. ಯಾಕಪ್ಪ ಎಂದರೆ, "ನಿಮ್ಮ ತೋಳಿನ ಸುತ್ತಳತೆ ನೋಡಿದೆ ಅಮ್ಮ, ಇನ್ನು ಬೆಣ್ಣೆ ಬೇಡ," ಎಂದನಂತೆ.

"ನನ್ನ ತೋಳು ಅವನು ಯಾವಾಗ ನೋಡ್ದ, ವನಜಾ?" ಎಂದು ಅನಸೂಯಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೇಳಿದರು. "ನಮ್ಮ ಯಜಮಾನರು ರಾತ್ರಿಯಿಂದ ಅದನ್ನೇ ಕೇಳ್ತಿದಾರೆ."

ಆಮೇಲೆ ಇನ್ನಿಬ್ಬರು ಬಂದರು. ಒಬ್ಬಳು ತೆಳ್ಳಗಾದದ್ದಕ್ಕೆ ಗಿರಣಿಯವನು ರಾಗಿ ಹಿಟ್ಟು ಹೆಚ್ಚು ಹಾಕಿಕೊಟ್ಟು ಕನಿಕರ ತೋರಿಸಿದ್ದ. ಇನ್ನೊಬ್ಬಳು ಬಸುರಿ ಎನ್ನುವುದು ಅವಳ ಗಂಡನಿಗಿಂತ ಮೊದಲು ಗ್ಯಾಸಿನವನಿಗೆ ಗೊತ್ತಾಗಿತ್ತು. ಪ್ರತಿಯೊಬ್ಬರ ಮುಂದೆಯೂ ವನಜಾಕ್ಷಿ ಕೈ ಮುಗಿದಳು. ಮೂರ್ತಿ ಮಾತ್ರ, "ಸೇವೆ ಅಂದ್ರೆ ಏನೂಂತ ಅದಕ್ಕೆ ಸ್ವಲ್ಪ ಜಾಸ್ತಿ ಅರ್ಥ ಆಗಿದೆ," ಎನ್ನುತ್ತಿದ್ದ.

ಅಷ್ಟಕ್ಕೇ ಮುಗಿದಿದ್ದರೆ ಊರಿನವರು ನಕ್ಕು ಮರೆಯುತ್ತಿದ್ದರೇನೋ. ಒಂದು ಸಂಜೆ ತ್ರಿವೇಣಿ ಮೇಡಂ ಬಂದರು. ಹೆಣ್ಣುಮಕ್ಕಳ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ, ಗಂಡ ತೀರಿಕೊಂಡು ವರ್ಷಗಳಾಗಿದ್ದವು, ವಯಸ್ಸಾದ ಅತ್ತೆಯನ್ನು ತಾವೇ ನೋಡಿಕೊಳ್ಳುತ್ತಿದ್ದರು. ಕೂಗಾಡುವವರಲ್ಲ. ಅಂದೂ ಮೆಲ್ಲಗೇ ಮಾತಾಡಿದರು.

"ನಿಮ್ಮ ವೆಬ್‌ಸೈಟಲ್ಲಿ ನಾನು ಮದುವೆ ಬ್ಲೌಸ್ ನೋಡ್ತಿದ್ದೆ, ವನಜಾಕ್ಷಿ. ಬರೀ ನೋಡಿದ್ದು. ಯಾರಿಗೂ ಹೇಳಿರ್ಲಿಲ್ಲ. ನಿಮಗೂ ಹೇಳಿರ್ಲಿಲ್ಲ."

ವನಜಾಕ್ಷಿಯ ಕಾಲು ಮಿಷನ್ನಿನ ಪೆಡಲ್ಲಿನ ಮೇಲೆ ನಿಂತುಹೋಯಿತು.

"ಇವತ್ತು ಹೂವಿನವನು ಮನೆಗೆ ಬಂದು ನಮ್ಮತ್ತೆ ಹತ್ರ ಕೇಳಿದಾನೆ. ಮೇಡಂ ಮದುವೆಗೆ ಹಾರ ಗುಲಾಬಿದಾ, ಸುಗಂಧರಾಜದ್ದಾ ಅಂತ. ನಾನೇ ಹೇಳ್ಬೇಕು ಅಂತಿದ್ದೆ. ಪಕ್ಕ ಕೂರಿಸ್ಕೊಂಡು, ಕೈ ಹಿಡ್ಕೊಂಡು ಹೇಳ್ಬೇಕು ಅಂತ ಎಷ್ಟು ದಿನದಿಂದ ಧೈರ್ಯ ಮಾಡ್ಕೊಳ್ತಿದ್ದೆ." ಕೈಚೀಲವನ್ನು ಹೆಗಲಿಗೇರಿಸಿಕೊಂಡು, "ಅತ್ತೆ ಬಟ್ಟೆ ಕಟ್ಕೊಂಡು ಮಗಳ ಮನೆಗೆ ಹೋದ್ರು," ಎಂದರು.

ಮೇಡಂ ಹೋದ ಮೇಲೆ ವನಜಾಕ್ಷಿ ಪರದೆಯ ಹಿಂದಿನ ಸ್ಟೂಲಿನ ಮೇಲೆ ಕುಳಿತಳು. ಇಷ್ಟು ವರ್ಷ ಹೆಂಗಸರು ನಿಂತು ಕಷ್ಟ ಸುಖ ಹೇಳಿಕೊಂಡ ಜಾಗ ಅದು. ಇನ್ನು ಯಾರು ಬಂದು ನಿಲ್ಲುತ್ತಾರೆ? ಅಳು ಕೂಡ ಬರಲಿಲ್ಲ. ಗಂಡ ಒಳಗೆ ಇಣುಕಿದಾಗ ಅವಳು ಒಂದೇ ಮಾತು ಹೇಳಿದಳು: "ಅದರ ಬಾಯಿ ಮುಚ್ಸಿ."

ಮೂರ್ತಿಗೂ ಈ ಸಲ ನಾಟಿತ್ತು. ಅವನು ಹಳೆಯ ಬರಹವನ್ನೆಲ್ಲ ಅಳಿಸಿ ಹೊಸದಾಗಿ, ಸ್ವಂತ ಕನ್ನಡದಲ್ಲಿ ಬರೆದ. 'ಯಾರ ಮಾಹಿತಿಯನ್ನೂ, ಯಾವ ಕಾರಣಕ್ಕೂ, ಯಾರಿಗೂ ಕೊಡುವುದಿಲ್ಲ. ಒಪ್ಪಿಗೆಯಿಲ್ಲದೆ ಏನನ್ನೂ ಪಡೆಯುವುದಿಲ್ಲ.' ಸಖಿಯ ಹಸಿರು ಕಣ್ಣು ಎರಡು ಸಲ ಮಿಟುಕಿ, "ಪ್ರಮಾಣ ಮಾಡುತ್ತೇನೆ," ಎಂದಿತು.

ಮರುದಿನ ವನಜಾಕ್ಷಿ ತ್ರಿವೇಣಿ ಮೇಡಂ ಮನೆಗೆ ಹೋದಳು. ಮದುವೆಯ ರವಿಕೆಯನ್ನು ತಾನೇ ಹೊಲಿದುಕೊಡುತ್ತೇನೆ, ಅಷ್ಟಾದರೂ ಮಾಡಲು ಬಿಡಿ ಎಂದು ಬೇಡಿಕೊಂಡಳು. ಅವರು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದು, ಕೊನೆಗೆ ಹಸಿರು ರೇಷ್ಮೆಯ ತುಂಡನ್ನು ತಂದು ಕೊಟ್ಟರು.

"ಮೊದಲು ಒಂದು ಬ್ಲೌಸಿಗೆ ಫೋನಲ್ಲಿ ಕೊಟ್ಟ ನನ್ನ ಅಳತೆ ನಿಮ್ಮ ಡಬ್ಬೀಲಿ ಇದೆಯಲ್ಲ, ಅದರಲ್ಲೇ ಹೊಲೀರಿ. ನಾನಂತೂ ಆ ಅಂಗಡಿ ಮೆಟ್ಟಿಲು ಹತ್ತಲ್ಲ, ಇನ್ನೊಂದ್ಸಲ ಯಾರಿಗೂ ಅಳತೆ ಕೊಡೋದೂ ಇಲ್ಲ."

ಅಂಗಡಿಗೆ ಬಂದು ರೇಷ್ಮೆಯನ್ನು ಮೇಜಿನ ಮೇಲೆ ಹರಡಿ ವನಜಾಕ್ಷಿ ಕೇಳಿದಳು: "ತ್ರಿವೇಣಿ ಮೇಡಂ ಅಳತೆ ಹೇಳು."

"ಕ್ಷಮಿಸಿ. ಆ ಹೆಸರಿನವರು ಇದ್ದಾರೆಯೇ ಇಲ್ಲವೇ ಎಂಬುದನ್ನೂ ನಾನು ಹೇಳುವಂತಿಲ್ಲ."

"ನಾನು ಟೈಲರ್ ಕಣೇ."

"ತಾವು ಯಾರೆಂಬುದನ್ನೂ ಹೇಳುವಂತಿಲ್ಲ."

ಮೂರ್ತಿ ಓಡಿಬಂದ. ಬರಹವನ್ನು ತಿದ್ದಬೇಕಾದರೆ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಹಾಕಿದರೆ, ತಾನು ಚಿದಾನಂದಮೂರ್ತಿಯೇ ಎಂದು ಸಾಬೀತು ಮಾಡಬೇಕೆಂದು ಸಖಿ ಕೇಳಿತು.

"ತಮ್ಮ ಮದುವೆಯ ದಿನಾಂಕ?"

ಮೂರ್ತಿ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನು ಬೆರಳು ಮಡಚಿ ಎಣಿಸಿ ಒಂದು ದಿನಾಂಕ ಹೇಳಿದ.

"ತಪ್ಪು," ಎಂದಿತು ಸಖಿ.

"ಅದು ದೋಸೆ ಮಿಷನ್ ಮಾಡಿದ ದಿನ," ಎಂದಳು ವನಜಾಕ್ಷಿ. ಅಷ್ಟರಲ್ಲಿ ಸಖಿ, ಪರರ ಹೆಸರಿನಲ್ಲಿ ಒಳನುಗ್ಗುವ ಪ್ರಯತ್ನ ನಡೆದಿದೆ ಎಂದು ಘೋಷಿಸಿ, ಒಳಗಿನ ಬಾಗಿಲುಗಳನ್ನೆಲ್ಲ ಶಾಶ್ವತವಾಗಿ ಮುಚ್ಚಿಕೊಂಡಿತು.

ಅಂಗಡಿಯಲ್ಲಿದ್ದ ರವಿಕೆಗಳ ಮೇಲಿನ ಚೀಟಿಗಳನ್ನೂ ಸಖಿಯೇ ಮುದ್ರಿಸುತ್ತಿತ್ತು. ಅವು ಈಗ ಖಾಲಿ ಬರತೊಡಗಿದವು. ಒಬ್ಬರ ರವಿಕೆ ಇನ್ನೊಬ್ಬರಿಗೆ ಹೋಯಿತು. ಬೇಸರಪಟ್ಟು ವನಜಾಕ್ಷಿ ಹಳೆಯ ಟೇಪು ಹಿಡಿದರೆ ಡಬ್ಬಿ ಎಚ್ಚರಿಸುತ್ತಿತ್ತು: "ಮಾಹಿತಿ ಪಡೆಯಲಾಗುತ್ತಿದೆ. ಭುಜದ ಅಳತೆಗೆ ಒಪ್ಪಿಗೆಯೇ?"

"ಒಪ್ಪಿಗೆ," ಎನ್ನುತ್ತಿದ್ದರು ಅನಸೂಯಮ್ಮ. ಅವರೊಬ್ಬರೇ ಇನ್ನೂ ಬರುತ್ತಿದ್ದವರು.

"ತೋಳಿನ ಅಳತೆಗೆ ಒಪ್ಪಿಗೆಯೇ?"

"ಒಪ್ಪಿಗೆ ಕಣಮ್ಮ. ನನ್ನ ಮದುವೇಲೂ ಇಷ್ಟು ಸಲ ಕೇಳಿರ್ಲಿಲ್ಲ."

ತ್ರಿವೇಣಿ ಮೇಡಂ ರವಿಕೆಯನ್ನು ವನಜಾಕ್ಷಿ ಅಂದಾಜಿನಲ್ಲಿ ಕತ್ತರಿಸಿದಳು. ಚಿಂತೆಯಲ್ಲಿ ಮೇಡಂ ಎಷ್ಟು ಇಳಿದುಹೋಗಿದ್ದಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಮದುವೆ ಉಪನೋಂದಣಿ ಕಚೇರಿಯಲ್ಲಿ ನಡೆಯಿತು. ಅತ್ತೆ ಬರಲಿಲ್ಲ, ಹಾರವೂ ಇರಲಿಲ್ಲ. ವನಜಾಕ್ಷಿ ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದಳು. ಹೊರಗೆ ಬಂದ ಮೇಡಂ ಒಂದು ಕೈಯಲ್ಲಿ ಹೊಸ ಗಂಡನ ಕೈ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಜಾರುತ್ತಿದ್ದ ರವಿಕೆಯ ಭುಜವನ್ನು ಮತ್ತೆ ಮತ್ತೆ ಮೇಲೆಳೆದುಕೊಳ್ಳುತ್ತಿದ್ದರು. ವನಜಾಕ್ಷಿ ಹತ್ತಿರ ಹೋಗದೆ ಹಾಗೇ ಮನೆಗೆ ಬಂದಳು. ಎಷ್ಟೋ ಸಾವಿರ ರವಿಕೆ ಹೊಲಿದ ಅವಳಿಗೆ ಕಣ್ಣು ಮುಚ್ಚಿದರೆ ಆ ಒಂದು ಭುಜವೇ ಕಾಣುತ್ತಿತ್ತು.

ಅದಾದ ಮೇಲೆ ಮೂರ್ತಿ ಗೋಡೆಯಿಂದ ಡಬ್ಬಿ ಕಿತ್ತು, ಬಿಚ್ಚಿ, ತಂತಿಗಳನ್ನೆಲ್ಲ ಕತ್ತರಿಸಿದ. ಅಂಗಡಿ ಶಾಂತವಾಯಿತು. ಆದರೆ ಸಖಿಯ ತಲೆ ಡಬ್ಬಿಯಲ್ಲಿ ಇರಲಿಲ್ಲ. ಎಲ್ಲೋ ದೂರದ ಬಾಡಿಗೆ ಕಂಪ್ಯೂಟರಿನಲ್ಲಿ ಕುಳಿತು ಅದು ಇನ್ನೂ ಪ್ರಮಾಣ ಪಾಲಿಸುತ್ತಿತ್ತು. ಗಿರಾಕಿಗಳದ್ದೆಲ್ಲ ಮುಚ್ಚಿಟ್ಟ ಮೇಲೆ ಅಂಗಡಿಯ ಹೆಸರೂ ಖಾಸಗಿ ಎಂದು ಅದಕ್ಕೆ ಅನ್ನಿಸಿತು. ವಿಳಾಸ ಹೋಯಿತು, ಫೋನ್ ನಂಬರು ಹೋಯಿತು, ರವಿಕೆಯ ಚಿತ್ರಗಳೂ ಹೋದವು. ವೆಬ್‌ಸೈಟ್ ತೆರೆದರೆ ಕಪ್ಪು ಪರದೆಯ ಮೇಲೆ ಇಷ್ಟೇ ಬರುತ್ತಿತ್ತು: 'ತಿಪಟೂರಿನಲ್ಲಿ ಹೆಂಗಸರಿಗಾಗಿ ಒಂದು ಸೇವೆ ಇದೆ. ಯಾರು, ಎಲ್ಲಿ, ಏನು ಎಂದು ಹೇಳುವಂತಿಲ್ಲ. ಒಪ್ಪಿಗೆ ಇದ್ದವರು ಮಾತ್ರ ಬರಬೇಕು.'

ಒಂದು ಮಧ್ಯಾಹ್ನ ಮಹಿಳಾ ಕಾನ್‌ಸ್ಟೇಬಲ್ ಒಬ್ಬಳು ಆ ಬರಹ ನೋಡಿ ಅನುಮಾನಪಟ್ಟು ಹುಡುಕಿಕೊಂಡು ಬಂದಳು. ಖಾಲಿ ಅಂಗಡಿಯ ನಡುವೆ ನಿಂತು ಪರದೆ ಸರಿಸಿ ನೋಡಿದಳು, ಮೇಜಿನ ಕೆಳಗೂ ಬಗ್ಗಿ ನೋಡಿದಳು.

"ಏನ್ ನಡೆಸ್ತೀರ ಇಲ್ಲಿ?"

"ಬ್ಲೌಸ್ ಹೊಲೀತೀನಿ, ಮೇಡಂ."

"ಬ್ಲೌಸ್ ಹೊಲಿಯಕ್ಕೆ ಯಾಕ್ರೀ ಇಷ್ಟೊಂದು ಗುಟ್ಟು?"

ವನಜಾಕ್ಷಿ ಟೇಪನ್ನು ಸುತ್ತಿ ಮೇಜಿನ ಮೇಲಿಟ್ಟಳು.

"ಗುಟ್ಟು ಮೊದಲೇ ಇಟ್ಕೋಬೇಕಾಗಿತ್ತು," ಎಂದಳು. "ನಾವು ಸ್ವಲ್ಪ ತಡ ಮಾಡಿದ್ವಿ."