ಮಾಗಳದ ಸೇತುವಿ ಮ್ಯಾಲೆ ಗಾಡಿಗಳ ಮಾತುಕತಿ

ಎದುರುಬದುರು ಬಂದ ಗಾಡಿಗಳು ಮೊದಲು ತಮ್ಮತಮ್ಮೊಳಗ ಮಾತಾಡಿ, ಒಪ್ಪಿಗಿ ಆದ ಮ್ಯಾಲೇ ದಾಟಬೇಕಂತ ವಾಹನ ಸಂಭಾಷಣಾ ಮಂಡಳಿ ನೇಮ ಮಾಡೇತಿ. ಅದಕ್ಕ ಎಲ್ಲಾ ಗಾಡಿಗೂ ಒಂದೊಂದು ಡಬ್ಬಿ ಕೂಡಿಸ್ಯಾರ. ಡಬ್ಬಿ ಇಂಟರ್ನೆಟ್ಟಿನಾಗ ಮಾತಾಡತೈತಿ. ಮಾಗಳದ ಹಳ್ಳದ ಸೇತುವಿ ಮ್ಯಾಲೆ ಇಂಟರ್ನೆಟ್ಟು ಬರಂಗಿಲ್ಲ. ಇಷ್ಟೂ ಕಾಯ್ದೆ ಪ್ರಕಾರನೇ ಐತಿ.

ಮಕ್ತುಂ ಸಾಬ ಟಂಟಂ ಆಟೋ ತುಂಬ ಮಲ್ಲಿಗಿ ಮೊಗ್ಗು ಹೇರಿಕೊಂಡು ಹೊಂಟಿದ್ದ. ಹೊತ್ತು ಮುಳುಗೋದ್ರೊಳಗ ಹರಪನಹಳ್ಳಿ ಮುಟ್ಟಬೇಕು. ಅರಳಿದ್ರ ಅಲ್ಲಿ ಯಾಪಾರಿಗಳು ಮೂಸಿ ನೋಡಂಗಿಲ್ಲ, ಹಾಕಿದ ರೊಕ್ಕೆಲ್ಲ ಹಳ್ಳಕ್ಕ. ಅಂವ ಸಾಮಾನ್ಯ ಡ್ರೈವರ್ ಅಲ್ಲ. ಎದುರಿಗೆ ಬರೋ ಲಾರಿ ಧೂಳು ನೋಡೇ ಒಳಗ ಯಾರು ಕುಂತಾರ ಹೇಳಾಂವ.

ಸೇತುವಿ ಒಂದೇ ಗಾಡಿ ಹಿಡಿಸೋವಷ್ಟು ಸಣ್ಣದು. ಆ ಕಡಿಂದ ದುರುಗಪ್ಪನ ಟ್ರ್ಯಾಕ್ಟರ್ ಬಂತು. ಹಿಂದಾದ್ರ ಒಬ್ಬ ಲೈಟ್ ಹೊಡದು, ಇನ್ನೊಬ್ಬ ಕೈ ಎತ್ತಿ, ಕೆಲಸ ಮುಗೀತಿತ್ತು. ಈಗ ಎರಡೂ ಡಬ್ಬಿ ಕೆಂಪಾಗಿ, ಇಂಜಿನ್ ಬಂದ್ ಮಾಡಿ ಹೇಳಿದ್ವು: "ಎದುರಿನ ವಾಹನ ಪತ್ತೆಯಾಗಿಲ್ಲ. ಸಂಪರ್ಕ ಸಿಗುವವರೆಗೆ ನಿಲ್ಲತಕ್ಕದ್ದು."

"ಲೇ ದುರುಗಪ್ಪ, ನೀ ಪತ್ತೆ ಇಲ್ಲಂತಲೋ," ಅಂದ ಸಾಬ.

"ನೀನೂ ಇಲ್ಲಂತ ಸಾಬಣ್ಣ. ಬೀಡಿ ಐತೇನು?"

ಬೀಡಿ ಮುಗಿಯೋದ್ರಾಗ ಮಂಡಳಿ ಅಧಿಕಾರಿ ಗುರುಶಾಂತ ನಡಕೊಂತ ಬಂದ. ಅವನ ಜೀಪೂ ಹಿಂದ ನಿಂತಿತ್ತು. ನಾವು ಬಾಯಿಲೇ ಮಾತಾಡೀವ್ರಿ, ಅಂವ ಹಿಂದಕ್ಕ ಸರಿತಾನ, ಗಾಡಿ ನೂಕ್ಕೊಂತೀವಿ ಅಂತ ಸಾಬ ಕೇಳಿಕೊಂಡ. ಚಾಲಕರ ಮಾತು ಖಾಸಗಿ ಮಾತು, ನೂಕಿದರೂ ಅದು ಚಲನೆಯೇ, ಗಾಡಿ ಮಾತು ಡೆಲ್ಲಿಯೊಳಗಿನ ಕಂಪ್ಯೂಟರಿಗೆ ಹೋಗಿ ವಾಪಸ್ ಬರಬೇಕು ಅಂತ ಗುರುಶಾಂತ ಸಮಾಧಾನದಿಂದ ತಿಳಿಸಿದ.

"ಕೈ ಚಾಚಿದ್ರ ಅವನ ಬಂಪರ್ ಸಿಗತೈತಲ್ರಿ ಸಾಹೇಬ್ರ. ಡೆಲ್ಲಿ ಯಾಕ್ರಿ?"

"ಸುರಕ್ಷತೆಗೆ."

ಹಿಂದ ಬಸ್ಸು, ಲಾರಿ ಸಾಲುಗಟ್ಟಿದ್ವು. ಸಂಜಿಗೆ ಮೊಗ್ಗು ಬಿರಿದು ಸೇತುವಿ ತುಂಬ ವಾಸನಿ. ಸಾಬ ತಲಿ ಮ್ಯಾಲೆ ಕೈ ಹೊತ್ತು ಕುಂತ. ಬಸ್ಸಿನಾಗಿಂದ ಇಳಿದ ಜಂಬಕ್ಕ ಒಂದು ಬೊಗಸಿ ಹೂವು ಕೊಂಡು, ಅಲ್ಲೇ ಕಟ್ಟಿ ಮುಡಕೊಂಡ್ಲು. ಆಕೀನ್ನ ನೋಡಿ ಉಳಿದೋರೂ ಇಳದ್ರು. ಬುಟ್ಟಿ ಎಲ್ಲಾ ಬರಿದಾದ್ವು.

ಮರುದಿನ ಸಾಬನ ಹೆಂಡ್ತಿ ಫಾತಿಮಾ ಬೀ ಅರಳಿದ ಹೂವನ್ನೇ ಹೊತ್ತುಕೊಂಡು ನಡದು ಬಂದ್ಲು. ದುರುಗಪ್ಪ ಟ್ರಾಲಿಯೊಳಗ ಮಿರ್ಚಿ ಮಂಡಕ್ಕಿ ಅಂಗಡಿ ತೆಗೆದ. ಹರಪನಹಳ್ಳಿಗಿಂತ ಇಲ್ಲೇ ಯಾಪಾರ ಚಲೋ, ಇದು ತನಗ ಮೊದಲೇ ಗೊತ್ತಿತ್ತು ಅಂತ ಸಾಬ ಈಗ ಎಲ್ಲರ ಮುಂದೂ ಹೇಳ್ತಾನ.

ಒಂದೂ ಅಪಘಾತ ಆಗದ ರಸ್ತೆ ಅಂತ ಮಂಡಳಿ ಬಹುಮಾನ ಕೊಟ್ಟೇತಿ. ಇಂಟರ್ನೆಟ್ ಟವರ್ ಸುದ್ದಾ ಮಂಜೂರಾಗೇತಿ. ಟವರ್ ಸಾಮಾನು ಹೇರಿದ ಲಾರಿ ಬಂದು ಸಾಲಿನ ತುದಿಗೆ ನಿಂತೈತಿ. ಅದರ ಡ್ರೈವರ್ ಟವರಿನ ಕಬ್ಬಿಣ ನೆಟ್ಟು, ತಗಡು ಹೊದಿಸಿ ಚಾದಂಗಡಿ ಇಟ್ಟಾನ. ಗುರುಶಾಂತ ಆಫೀಸು ಆ ಚಾದಂಗಡಿಯೊಳಗೇ ನಡಸ್ತಾನ.