ಗಿರಿಜಕ್ಕನ ಏಳನೆಯ ಮನೆ

ಬೇರೆಯವರಿಗೆ ಉಪಕಾರ ಮಾಡಬೇಕೆಂಬ ಚಪಲ ನನಗೆ ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ಮಣಿಪಾಲದ ಒಂದು ಕಾಲೇಜಿನಲ್ಲಿ ವ್ಯವಹಾರ ನಿರ್ವಹಣೆಯ ಪಾಠ ಮಾಡುವವನು ನಾನು. ಹಿಂದೆಲ್ಲ ಲಾಭ ಮಾಡುವುದು ಹೇಗೆಂದು ಹೇಳಿಕೊಟ್ಟರೆ ಸಾಕಿತ್ತು. ಈಗ ಸಮಾಜಕ್ಕೆ ನಾವೇನು ಮಾಡಿದೆವು ಎಂದು ವರ್ಷಕ್ಕೊಮ್ಮೆ ವರದಿಯನ್ನೂ ಒಪ್ಪಿಸಬೇಕು. ಜೀವಮಾನದಲ್ಲಿ ಒಂದು ಗೂಡಂಗಡಿಯನ್ನೂ ನಡೆಸದ ನಾನು ಉದ್ಧಾರ ಮಾಡಲು ಯಾರಾದರೂ ಸಿಗುತ್ತಾರೆಯೇ ಎಂದು ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದವರು ಗಿರಿಜಕ್ಕ.

ಗಿರಿಜಕ್ಕ ಎರ್ಮಾಳಿನವರು. ಕಾಪುವಿನ ನಮ್ಮ ಬೀದಿಗೆ ಬಹಳ ವರ್ಷಗಳಿಂದ ಮೀನು ತರುತ್ತಾರೆ. ತಲೆಯ ಮೇಲಿನ ಬುಟ್ಟಿ ಇಳಿಸಲು ಮನೆಯವರು ಕೈ ಕೊಡಬೇಕು. ನಮ್ಮಲ್ಲಿ ಆ ಕೆಲಸ ನನ್ನದು. ಅಷ್ಟಕ್ಕೇ ಈ ಉದ್ಯಮದಲ್ಲಿ ನಾನೂ ಪಾಲುದಾರನೆಂಬ ಗತ್ತಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುತ್ತೇನೆ, ಹೊಟ್ಟೆ ಒತ್ತುತ್ತೇನೆ, ಚೌಕಾಶಿಗೆ ಇಳಿಯುತ್ತೇನೆ. ಕಿವಿರಿನೊಳಗೆ ನೋಡಬೇಕಾದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ನಾಲ್ವರು ವಿದ್ಯಾರ್ಥಿಗಳು ಒಂದು ವಾರ ಗಿರಿಜಕ್ಕನ ಹಿಂದೆ ಸುತ್ತಿ, ಯಾವ ಗೇಟಿನಲ್ಲಿ ಎಷ್ಟು ಹೊತ್ತು ಹೋಗುತ್ತದೆಂದು ಬರೆದುಕೊಂಡರು. ಬಿಸಿಲೇರಿದರೆ ಮೀನು ಕೆಡುತ್ತದೆ. ಸುಮ್ಮನೆ ಹೊತ್ತು ಕಳೆಯುವ ಏಳನೆಯ ಮನೆಯೊಂದನ್ನು ಬಿಟ್ಟರೆ ಉಳಿದವರಿಗೆಲ್ಲ ಒಳ್ಳೆಯ ಮೀನು ಸಿಗುತ್ತದೆ ಎಂದು ವರದಿಯಲ್ಲಿ ಸಲಹೆ ಬರೆದರು. ಕಠಿಣ ನಿರ್ಧಾರಕ್ಕೆ ಹಿಂಜರಿಯಬಾರದು ಎಂದು ನಾನು ಬೆನ್ನು ತಟ್ಟಿ ಸಹಿ ಹಾಕಿದೆ. ಅವರು ಅದನ್ನು ಗಿರಿಜಕ್ಕನಿಗೆ ಓದಿಯೂ ಹೇಳಿದರು. ಸಂಜೆ ಬಸ್ಸಿಳಿದು ನಡೆದು ಬರುವಾಗ ಸುಮ್ಮನೆ ಮನೆಗಳನ್ನು ಎಣಿಸಿದೆ. ಏಳನೆಯದು ನಮ್ಮದು. ಹುಡುಗರು ಗುರುಭಕ್ತಿಯಿಂದ ನನ್ನ ಹೆಸರು ಬರೆದಿರಲಿಲ್ಲ, ಅಷ್ಟೆ.

ಹೆಂಡತಿಗೆ ಹೇಳುವ ಧೈರ್ಯವಾಗಲಿಲ್ಲ. ಮೀನಿಲ್ಲದ್ದನ್ನು ಅವಳು ಊಟವೆಂದೇ ಒಪ್ಪುವುದಿಲ್ಲ. ಮರುದಿನ ಬೆಳಿಗ್ಗೆ ಬೇಗನೆ ಗೇಟಿನ ಬಳಿ ನಿಂತೆ. ಗಿರಿಜಕ್ಕ ಎದುರು ಮನೆ ಮುಗಿಸಿದರು, ಪಕ್ಕದ ಮನೆಯನ್ನೂ ಮುಗಿಸಿದರು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಕೊನೆಗೆ ನಮ್ಮಲ್ಲಿಗೇ ಬಂದರು. ಬುಟ್ಟಿ ಇಳಿಸಿ, ನಮ್ಮ ಮನೆ ಬಿಟ್ಟರೆ ನಿಮಗೇ ಲಾಭವಲ್ಲವೇ ಎಂದು ಕೇಳಿದೆ. ಇಲ್ಲವೆನ್ನಲಿ ಎಂಬ ಆಸೆ.

“ಲಾಭ ಉಂಟು ಮಾಷ್ಟ್ರೇ,” ಎಂದರು ಗಿರಿಜಕ್ಕ ಬಂಗುಡೆ ಆರಿಸುತ್ತಾ. “ಆದರೆ ನಿಮಗೆ ಮೀನು ನೋಡ್ಲಿಕ್ಕೆ ಗೊತ್ತಿಲ್ಲ. ನಾನು ಬಿಟ್ಟರೆ ಪೇಟೆಯವರು ಹಾಳಾದದ್ದನ್ನು ನಿಮ್ಮ ತಲೆಗೆ ಕಟ್ತಾರೆ. ಪಾಪ, ನಿಮ್ಮ ಮನೆಯ ಅಕ್ಕ ಎಂತ ಮಾಡುವುದು?”

ಅಂದು ನಾನು ಕಿವಿರು ಎತ್ತಲಿಲ್ಲ, ಚೌಕಾಶಿಯನ್ನೂ ಮಾಡಲಿಲ್ಲ. ಕಾಲೇಜಿಗೆ ಹೋಗಿ ವರದಿ ತೆರೆದೆ. ನೆರವು ಪಡೆದವರು ಎಂಬಲ್ಲಿ ಗಿರಿಜಕ್ಕನ ಹೆಸರಿತ್ತು. ಅದನ್ನು ಹೊಡೆದುಹಾಕಿ ನನ್ನ ಹೆಸರು ಬರೆದೆ. ನೆರವು ನೀಡಿದ ಸಂಸ್ಥೆ ಎಂಬಲ್ಲಿ ಕಾಲೇಜಿನ ಹೆಸರು ತೆಗೆದು, ‘ಗಿರಿಜಕ್ಕ, ಎರ್ಮಾಳ್’ ಎಂದು ತುಂಬಿಸಿದೆ.