ಧಾಭಾಖ ಭಾ

ಗೂಢಲಿಪಿಗಳ ಚರಿತ್ರೆಯನ್ನೆಲ್ಲ ಅರೆದು ಕುಡಿದವರಂತೆ ಮಾತಾಡುವ ಮಧ್ವೇಶ ಮಾಸ್ತರರು ತಾವೂ ಒಂದು ಲಿಪಿ ಕಟ್ಟಿದ್ದೇ ಎಡವಟ್ಟಿಗೆ ಮೂಲ. ಸೂತ್ರ ಸರಳ: ಪ್ರತಿ ಅಕ್ಷರಕ್ಕೂ ವರ್ಣಮಾಲೆಯಲ್ಲಿ ಅದರ ಮುಂದಿನದನ್ನು ಬರೆಯುವುದು. ಕ ಇದ್ದಲ್ಲಿ ಖ, ಬ ಇದ್ದಲ್ಲಿ ಭ.

"ರೋಮದ ಸೇನಾಪತಿಗಳು ಹಿಂಗ ಅಕ್ಷರ ಸರಿಸಿ ಬರೀತಿದ್ರು. ಇನ್ನ ಲಿಪಿ ಒಡದವರು, ಒಡದೇವಂತ ಎಂದೂ ಹೇಳೂದಿಲ್ಲ. ಅದ ಅವರ ಶಾಣ್ಯಾತನ," ಎಂದು ಉಣ್ಣುವಾಗಲೆಲ್ಲ ಹೆಂಡತಿ ವಂದನಾಳಿಗೆ ಪಾಠ. ಕೇಳಿ ಕೇಳಿ ಅವಳ ಸಾರು ಆರುತ್ತಿತ್ತು.

ಆ ಭಾನುವಾರ ಟಿಕೋಟಾದ ಅತ್ತೆಮನೆಯಲ್ಲಿ ಶಾವಿಗೆ ಹಾಕುವುದಿತ್ತು. ಮಷಿನ್ನಿನ ಹಿಡಿ ತಿರುವಲು ಅಳಿಯನೇ ಬೇಕು. ಮಾಸ್ತರರು ಪರೀಕ್ಷಾ ಡ್ಯೂಟಿ ಎಂದು ಸುಳ್ಳು ಹೊಸೆದು, ಸೊಲ್ಲಾಪುರ ರಸ್ತೆಯ ದಾಬಾದಲ್ಲಿ ಉಣ್ಣಲು ಸಹೋದ್ಯೋಗಿ ಜಹೀರನ ಜೊತೆ ಗೊತ್ತುಮಾಡಿಕೊಂಡಿದ್ದರು.

ಮುಂಜಾನೆ ಚಾರ್ಜಿಗಿಟ್ಟ ಫೋನಿಗೆ ಜಹೀರನ ಸಂದೇಶ ಬಂತು. ವಂದನಾ ಗಟ್ಟಿಯಾಗಿ ಓದಿದಳು: "ಧಾಭಾಖ ಭಾ. ಏನ್ರೀ ಇದು?"

"ಪಾರ್ಸಿ! ಆದಿಲಶಾಹಿ ಶಾಸನದ ಸಾಲು. ನಿನಗ ತಿಳಿಯೂದಲ್ಲ ಬಿಡು."

"ಹೌದೇನ್ರಿ," ಎಂದು ವಂದನಾ ಇನ್ನೊಂದಿಷ್ಟು ಹೊತ್ತು ಫೋನು ಹಿಡಿದು ನಿಂತು, ಆಮೇಲೆ ಟಿಕೋಟಾ ಬಸ್ಸಿಗೆ ಹೋದಳು.

ಮಾಸ್ತರರು ಬೈಕು ಹತ್ತುವಾಗ ಪಕ್ಕದ ಮನೆಯ ಗೌರಾಬಾಯಿ ಗೋಡೆಯಾಚೆಯಿಂದ ಇಣುಕಿದಳು. "ದಾಬಾಕ ಹೊಂಟ್ರೇನ್ರಿ ಸರ?"

ಹೊಸ ಅಂಗಿ ನೋಡಿ ಊಹಿಸಿರಬೇಕು ಎಂದುಕೊಂಡರು ಈ ಪಂಡಿತರು! ಅಷ್ಟರಲ್ಲಿ ಜಹೀರನ ಫೋನಿನಿಂದ ಮತ್ತೊಂದು ಸಂದೇಶ: "ಠಿಖೋಠಾಖ ಭಾ."

ಟಿಕೋಟಾಕ್ಕೆ? ಅತ್ತೆಯ ಊರಿಗೆ? ಮಾಸ್ತರರು ಸಂದೇಶವನ್ನು ಮತ್ತೊಮ್ಮೆ ಬಿಡಿಸಿ ಓದಿದರು. ಆದರೆ ದೀಪದ ಬುಡದಲ್ಲೇ ಕತ್ತಲು, ಅಲ್ಲಿ ತಮ್ಮನ್ನು ಯಾರು ಹುಡುಕುತ್ತಾರೆ? ಜಹೀರನ ಬುದ್ಧಿಗೆ ಮೆಚ್ಚಿ ಬೈಕು ತಿರುಗಿಸಿದರು.

ಟಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಜಹೀರ ಮುಖ ಗಂಟಿಕ್ಕಿ ನಿಂತಿದ್ದ. "ಇಲ್ಲಿಗ್ಯಾಕ ಕರಸಿದ್ರಿ ಸರ?"

"ನಾ ಎಲ್ಲಿ ಕರದೇನಿ? ನೀನ ಕರದಿ!"

"ಇಬ್ಬರನ್ನೂ ನಾವ ಕರದೇವ್ರಿ," ಎಂದಳು ಹಿಂದಿನಿಂದ ವಂದನಾ. "ನಿಮ್ಮ ಫೋನಿನಿಂದ ಅವರಿಗೆ ನಾನು, ಅವರ ಫೋನಿನಿಂದ ನಿಮಗ ಸಾಯಿರಾ. ಕಳಿಸಿದ ಕೂಡಲೇ ಅಳಿಸಿನೂ ಬಿಟ್ವಿ." ಪಕ್ಕದಲ್ಲಿ ಜಹೀರನ ಹೆಂಡತಿ ಸಾಯಿರಾ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಇಬ್ಬರು ವಿದ್ವಾಂಸರೂ ಮಷಿನ್ನಿನ ಮುಂದಿದ್ದರು. ಅತ್ತೆ ಗಂಗಾಬಾಯಿ ಹಿಟ್ಟಿನ ದೊಡ್ಡ ಬುಟ್ಟಿ ತಂದಿಟ್ಟು, "ಜೋರಾಗಿ ತಿರುವ್ರಿ ಅಳಿಯಾರ," ಎಂದಳು.

"ಲಿಪಿ ಹೆಂಗ ಒಡದಿ?" ಮಾಸ್ತರರು ಏದುಸಿರಿನಲ್ಲಿ ಕೇಳಿದರು.

"ಒಡಿಯೂದೇನ್ರಿ, ಬಾಯಿಬಿಟ್ಟು ಓದಿದೆ. ನಮ್ಮ ಮಂದಿ ಬಾಯಾಗ ಬ ಬ್ಯಾರೆ, ಭ ಬ್ಯಾರೆ ಯಾವಾಗ ಇದ್ವು?"

"ಹಂಗಿದ್ರ ಮುಂಜಾನೇನ ಹೇಳಬೇಕಿಲ್ಲೋ!"

"ಒಡದವರು ಒಡದೇವಂತ ಹೇಳೂದಿಲ್ರಿ," ಎಂದು ವಂದನಾ ಶಾವಿಗೆ ಎತ್ತಿ ಹಗ್ಗಕ್ಕೆ ಹಾಕಿದಳು. "ತಿರುವ್ರಿ."